ಹಳೆ ಕಪ್: ಕಾಲ ಗುರುತಿಸೋದು, ಚಹಾ ಕಲೆ ತೆಗೆಯೋದು ಹೇಗೆ?

ಬಳ್ಳಾರಿ ಕಂಟೋನ್ಮೆಂಟ್ ಕಡೆ ಹಳೆ ಸಾಮಾನಿನಲ್ಲಿ ಕಪ್-ಸಾಸರ್ ಸಿಕ್ಕಿವೆ. ತಳದಲ್ಲಿ ‘ಇಂಗ್ಲೆಂಡ್’ ಮುದ್ರೆ, ಒಳಗೆ ಕೂದಲೆಳೆ ಗೆರೆ, ಗೆರೆಯಲ್ಲಿ ಕಂದು ಕಲೆ. ಎಷ್ಟು ಹಳೇದು? ಬ್ಲೀಚ್ ಹಾಕಬಹುದಾ?

ಉತ್ತರ 1:
ಅಮೆರಿಕದ ಸುಂಕ ಕಾಯ್ದೆ 1891ರಿಂದ ಆಮದು ಸಾಮಾನಿಗೆ ದೇಶದ ಹೆಸರು ಕಡ್ಡಾಯ ಮಾಡಿತು. ಹಾಗಾಗಿ ಬರೀ ‘ಇಂಗ್ಲೆಂಡ್’ ಇದ್ದರೆ ಸಾಮಾನ್ಯವಾಗಿ ಆ ನಂತರದ್ದು. ‘ಮೇಡ್ ಇನ್ ಇಂಗ್ಲೆಂಡ್’ ಇದ್ದರೆ 20ನೇ ಶತಮಾನದ್ದು. ವಜ್ರಾಕಾರದ ಮುದ್ರೆ 1842–1883ರದು, ‘ಆರ್‌ಡಿ ನಂ’ (ನೋಂದಣಿ ಸಂಖ್ಯೆ) 1884ರಿಂದ ಶುರು. ಆದರೆ ಇವೆರಡೂ ವಿನ್ಯಾಸ ನೋಂದಣಿಯ ಕಾಲ ಹೇಳ್ತವೆ, ಕಪ್ ತಯಾರಾದ ವರ್ಷವನ್ನಲ್ಲ.

ಉತ್ತರ 2:
ಬ್ಲೀಚ್ ಬೇಡವೇ ಬೇಡ ಸರ್. ಅದರ ಉಪ್ಪು ಗೆರೆಯೊಳಗೆ ಇಳಿದು, ಒಣಗುವಾಗ ಹರಳುಗಟ್ಟಿ ಗ್ಲೇಜ್, ಅಂದರೆ ಮೇಲಿನ ಗಾಜಿನಂಥ ಪದರವನ್ನೇ ಎಬ್ಬಿಸುತ್ತದೆ. ಮೊದಲು ಕಪ್ ಅನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ರಾತ್ರಿಯಿಡೀ ನೆನೆಸಿ. ಒಣ ಮೈಗೆ ಕಲೆ ತೆಗೆಯುವ ಔಷಧಿ ಹಚ್ಚಿದರೆ ಕಲೆ ಇನ್ನೂ ಒಳಕ್ಕೆ ಹೋಗುತ್ತೆ. ನಮ್ಮ ಬೋರ್‌ವೆಲ್ ಗಡಸು ನೀರು ಬಿಳಿ ಪೊರೆ ಬಿಡುತ್ತೆ, ಅದನ್ನು ಬಳಸಬೇಡಿ. ನಂತರ ಮೆಡಿಕಲ್ ಶಾಪಿನ 3% ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಹತ್ತಿ ಅದ್ದಿ ಕಲೆ ಮೇಲೆ ಇಟ್ಟು, ಪ್ಲಾಸ್ಟಿಕ್ ಸುತ್ತಿ. ಹತ್ತಿ ಒಣಗೋಕೆ ಬಿಡದೆ ದಿನಾ ಬದಲಿಸಿ. ಚಿನ್ನದ ಅಂಚು ಸವೆದಿದ್ದರೆ ಆ ಭಾಗ ಮುಟ್ಟಬೇಡಿ. ಕೊನೆಗೆ ಡಿಸ್ಟಿಲ್ಡ್ ವಾಟರ್ ಬದಲಿಸುತ್ತಾ ಕೆಲವು ದಿನ ನೆನೆಸಿ, ನೆರಳಲ್ಲೇ ಒಣಗಿಸಿ.

ಉತ್ತರ 3:
ಕೊಳ್ಳುವ ಮುಂಚೆ ಮರದ ಪೆನ್ಸಿಲ್‌ನಿಂದ ಅಂಚು ಮೆಲ್ಲಗೆ ತಟ್ಟಿ. ಬೋನ್ ಚೈನಾ ಕಪ್ ಮಂಕು ಸದ್ದು ಕೊಟ್ಟರೆ ಬಿರುಕಿರಬಹುದು. ಕತ್ತಲಲ್ಲಿ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಹಾಕಿದರೆ ಅಂಟು, ಮರುಬಣ್ಣ ಬಹಳ ಸಲ ಬೇರೆಯಾಗಿ ಹೊಳೀತಾವೆ. ಹಿಡಿಕೆಯಿಂದ ಕೊಕ್ಕೆಗೆ ತೂಗುಹಾಕಬೇಡಿ. ಹಳೆ ಗ್ಲೇಜ್, ಬಣ್ಣಗಳಲ್ಲಿ ಸೀಸ ಇರಬಹುದು, ಅದರಲ್ಲಿ ಚಹಾ ಕುಡಿಯಬೇಡಿ.