ಪುಸ್ತಕ ಕಾಣದ ಆರನೇ ಕ್ಲಾಸು

ಎಲ್ಲರಿಗೂ ನಮಸ್ಕಾರ.

ಹೋದ ವಾರ ಒಬ್ಬರು ಈ ಗುಂಪಿನಲ್ಲಿ ಕೇಳಿದ್ದರು. ಮಗಳು ಮಿಡಲ್ ಸ್ಕೂಲಿಗೆ, ಅಂದರೆ ಆರನೇ ಕ್ಲಾಸಿಗೆ ಸೇರಿದ್ದಾಳೆ, ಬ್ಯಾಗಿನಲ್ಲಿ ಒಂದು ಪಠ್ಯಪುಸ್ತಕವೂ ಇಲ್ಲ, ಬರೀ ಒಂದು ಕ್ರೋಮ್‌ಬುಕ್ಕು (ಚಿಕ್ಕ ಲ್ಯಾಪ್‌ಟಾಪು), ಹಾಳೆ ಸೇರಿಸಿಡುವ ಒಂದು ಬೈಂಡರು. ಇವರು ಏನು ಓದಿಸ್ತಾರೆ, ನಾವು ಮನೇಲಿ ಏನು ಓದಿಸಬೇಕು ಅಂತ. ಎರಡು ವರ್ಷದ ಹಿಂದೆ ಇದೇ ಪ್ರಶ್ನೆ ನನ್ನ ನಿದ್ದೆಗೆಡಿಸಿತ್ತು. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ. ನಾವಿರುವುದು ಅಮೆರಿಕದ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ. ಮಗ ಈಗ ಎಂಟನೇ ಕ್ಲಾಸು. ಬೇರೆ ರಾಜ್ಯದಲ್ಲಿ ಇರುವವರಿಗೆ ಪಾಠದ ಕ್ರಮ ಬೇರೆ ಇರಬಹುದು.

ಮೊದಲು ಮಕ್ಕಳಿಗೆ ಕಷ್ಟವಾಗುವುದು ಪಾಠ ಅಲ್ಲ, ಓಡಾಟ. ಐದನೇ ಕ್ಲಾಸಿನವರೆಗೆ ಹೆಚ್ಚಿನ ಕಡೆ ಒಂದೇ ಕೋಣೆ, ಒಬ್ಬರೇ ಟೀಚರು. ಆರನೇ ಕ್ಲಾಸಿನಲ್ಲಿ ಪೀರಿಯಡ್ಡಿಗೊಂದು ಕೋಣೆ. ನಮ್ಮೂರಲ್ಲಿ ನಾವು ಕೂತಲ್ಲೇ ಕೂತಿರುತ್ತಿದ್ದೆವು, ಮೇಷ್ಟ್ರು ಬಂದು ಹೋಗುತ್ತಿದ್ದರು. ಇಲ್ಲಿ ಟೀಚರು ಇದ್ದಲ್ಲೇ ಇರುತ್ತಾರೆ, ಮಕ್ಕಳು ನಾಲ್ಕೈದು ನಿಮಿಷದಲ್ಲಿ ಬ್ಯಾಗು ಹೊತ್ತು ಇನ್ನೊಂದು ಕಡೆ ಓಡಬೇಕು. ಮೊದಲ ತಿಂಗಳು ಹೋಮ್‌ವರ್ಕ್ ಮರೆಯುವುದು, ಆನ್‌ಲೈನಿನಲ್ಲಿ "ಮಿಸ್ಸಿಂಗ್" ಅಂತ ಕೆಂಪಗೆ ಕಾಣುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ಅದಕ್ಕೆ ಬೈಯಬೇಡಿ. ಒಂದೇ ಸಮಾಧಾನ, ಇಲ್ಲಿನ ಕಾನೂನಿನ ಪ್ರಕಾರ 2022ರ ಜುಲೈನಿಂದ ಕೆಲವು ಹಳ್ಳಿಗಾಡಿನ ಶಾಲೆ ಬಿಟ್ಟರೆ ಮಿಡಲ್ ಸ್ಕೂಲನ್ನು ಬೆಳಗ್ಗೆ 8 ಗಂಟೆಗೆ ಮೊದಲು ಶುರು ಮಾಡುವ ಹಾಗಿಲ್ಲ.

ಇನ್ನು ಗಣಿತ. ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ನಾನು ತಪ್ಪು ಮಾಡಿದ್ದು ಇಲ್ಲೇ.

ಆರನೇ ಕ್ಲಾಸಿನಲ್ಲಿ ಭಿನ್ನರಾಶಿಯನ್ನು ಭಿನ್ನರಾಶಿಯಿಂದ ಭಾಗಿಸುವುದು ಬರುತ್ತದೆ. ಒಂದು ದಿನ ಮಗ ಮುಕ್ಕಾಲನ್ನು ಅರ್ಧದಿಂದ ಭಾಗಿಸುವ ಲೆಕ್ಕ ತಂದ. "ಎರಡನೇದನ್ನ ತಲೆಕೆಳಗು ಮಾಡಿ ಗುಣಿಸು, ಒಂದೂವರೆ" ಅಂದೆ. ಅರ್ಧ ನಿಮಿಷದ ಕೆಲಸ. ಎರಡು ದಿನ ಬಿಟ್ಟು ಹಾಳೆ ವಾಪಸ್ ಬಂತು. ಉತ್ತರಕ್ಕೆ ಸರಿ ಗುರುತು ಹಾಕಿ, ಪಕ್ಕದಲ್ಲಿ "ಯಾಕೆ? ಚಿತ್ರ ಬರೆದು ತೋರಿಸು" ಅಂತ ಬರೆದಿದ್ದರು. ನನಗೆ ಬೇಜಾರಾಯಿತು. ಉತ್ತರ ಸರಿ ಇದ್ದ ಮೇಲೆ ಇನ್ನೇನು ಅನ್ನಿಸಿತು.

ಮಗ ಅಡುಗೆಮನೆಯಿಂದ ಸ್ಟೀಲ್ ಲೋಟ ತಂದ. "ಅಮ್ಮಾ, ಇದರಲ್ಲಿ ಮುಕ್ಕಾಲು ಲೋಟ ಮಜ್ಜಿಗೆ ಇದೆ ಅನ್ಕೋ. ಒಬ್ಬೊಬ್ಬರಿಗೆ ಅರ್ಧ ಲೋಟ. ಒಬ್ಬರಿಗೆ ಕೊಟ್ಟಾಯ್ತು. ಉಳಿದಿದ್ದು ಕಾಲು. ಕಾಲು ಅಂದ್ರೆ ಅರ್ಧದಲ್ಲಿ ಅರ್ಧ. ಅದಕ್ಕೇ ಒಂದೂವರೆ." ಕ್ಲಾಸಿನಲ್ಲಿ ಆ ವಾರವೆಲ್ಲ ಬಣ್ಣದ ಕಾಗದದ ಪಟ್ಟಿ ಮಡಚಿ ಇದನ್ನೇ ಮಾಡಿದ್ದರಂತೆ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದಿ ಬಂದವಳು ನಾನು. ಆ ಉತ್ತರ ಯಾಕೆ ಒಂದೂವರೆ ಅಂತ ಕಣ್ಣಾರೆ ನೋಡಿದ್ದು ಅವತ್ತೇ.

ಅಲ್ಲೇ ಇನ್ನೊಂದು ಹೊಳೆಯಿತು. ಕನ್ನಡದಲ್ಲಿ ಮುಕ್ಕಾಲು ಅಂದರೆ ಮೂರು ಕಾಲು. ಲೆಕ್ಕ ಪದದ ಒಳಗೇ ಇದೆ! ಕಾಲು, ಅರೆ, ಮುಕ್ಕಾಲು, ಒಂದೂಕಾಲು, ಎರಡೂವರೆ. ಈ ಪದಗಳನ್ನು ಮನೇಲಿ ದಿನಾ ಬಳಸುವ ಮಗುವಿಗೆ ಭಿನ್ನರಾಶಿ ಅನ್ನುವುದು ಹೊಸ ಊರಲ್ಲ. ಅದೇ ವರ್ಷ ಅನುಪಾತದ ಪಾಠವೂ ಬರುತ್ತದೆ. ನಾನು ದೋಸೆಗೆ ನೆನೆಹಾಕುವುದನ್ನೇ ಅವನಿಗೆ ಬಿಟ್ಟೆ. ನಾಲ್ಕು ಲೋಟ ಅಕ್ಕಿಗೆ ಒಂದು ಲೋಟ ಉದ್ದು. ಯುಗಾದಿಗೆ ನೆಂಟರು ಬಂದಾಗ ಹತ್ತು ಲೋಟ ಅಕ್ಕಿ ಹಾಕಿದರೆ ಉದ್ದು ಎಷ್ಟು? ಅವನು ಹೇಳಿದ್ದು "ಎರಡೂವರೆ". ಇಂಗ್ಲಿಷಿನಲ್ಲಿ ಅಲ್ಲ, ಕನ್ನಡದಲ್ಲಿ.

ಅದಕ್ಕೇ ಹೇಳುವುದು, ಕ್ಲಾಸಿನಲ್ಲಿ ಆ ವಾರ ಏನು ಮಾಡುತ್ತಿದ್ದಾರೆ ಅಂತ ತಿಳಿಯದೆ ನಮ್ಮ ಕಾಲದ ಸೂತ್ರ ಹೇಳಿಕೊಡಬೇಡಿ. ಸೂತ್ರ ಬೇಡ ಅಂತಲ್ಲ. ಮಗ್ಗಿ ಬೇಕೇಬೇಕು, ನಮ್ಮ ಮನೇಲಿ ಈಗಲೂ ಹೇಳಿಸುತ್ತೇನೆ. ಆದರೆ ಚಿತ್ರ ಮೊದಲು, ಸೂತ್ರ ಆಮೇಲೆ.

ವಿಜ್ಞಾನದಲ್ಲಿ ಗುಂಪು ಕೆಲಸ ಜಾಸ್ತಿ. ಬಿಸಿನೀರು ಬೇಗ ಆರದ ಹಾಗೆ ಲೋಟಕ್ಕೆ ಹತ್ತಿ, ಬಟ್ಟೆ, ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಐದೈದು ನಿಮಿಷಕ್ಕೆ ಥರ್ಮಾಮೀಟರ್ ನೋಡಿ ಬರೆದುಕೊಳ್ಳುವುದು, ಆಮೇಲೆ ಯಾವುದು ಗೆದ್ದಿತು, ಯಾಕೆ ಅಂತ ಹೇಳುವುದು. ಸಾಮಾನು ಎಲ್ಲ ಮನೇಲೇ ಇರುತ್ತದೆ, ಚಿಂತೆ ಬೇಡ.

ಇಂಗ್ಲಿಷ್ ಕ್ಲಾಸಿನ ವಿಷಯಕ್ಕೆ ಬಂದರೆ, ನಮ್ಮ ಮಕ್ಕಳು ಹಿಂದೆ ಬೀಳುವುದು ಓದಿನಲ್ಲೂ ಅಲ್ಲ, ಬರವಣಿಗೆಯಲ್ಲೂ ಅಲ್ಲ. ಮಾತಿನಲ್ಲಿ. ವಾರಕ್ಕೊಮ್ಮೆ ಸುತ್ತ ಕೂತು ಚರ್ಚೆ ಮಾಡಿಸುತ್ತಾರೆ. ನಿನ್ನ ಅಭಿಪ್ರಾಯ ಏನು, ಓದಿದ್ದರಲ್ಲಿ ಅದಕ್ಕೆ ಆಧಾರ ಎಲ್ಲಿದೆ, ಅವಳು ಹೇಳಿದ್ದನ್ನು ನೀನು ಒಪ್ಪುತ್ತೀಯಾ? ಟೀಚರು ನಮಗೆ ಹೇಳಿದ್ದು, "ಚೆನ್ನಾಗಿ ಬರೀತಾನೆ, ಬಾಯಿ ಬಿಡಲ್ಲ" ಅಂತ. ಆ ರಾತ್ರಿ ನಾನೂ ನನ್ನ ಗಂಡನೂ ಬಹಳ ಹೊತ್ತು ಮಾತಾಡಿದೆವು. ಎದುರು ಮಾತಾಡಬೇಡ, ದೊಡ್ಡವರು ಹೇಳಿದ್ದು ಕೇಳು ಅಂತ ಹತ್ತು ವರ್ಷ ಕಲಿಸಿದವರು ನಾವೇ ಅಲ್ವಾ? ಅವತ್ತಿನಿಂದ ಊಟದ ಹೊತ್ತಲ್ಲಿ ಒಂದು ಪದ್ಧತಿ ಇಟ್ಟುಕೊಂಡೆವು. ಅಪ್ಪ ಅಮ್ಮ ಹೇಳಿದ್ದು ಒಪ್ಪಿಗೆ ಇಲ್ಲದಿದ್ದರೆ ಹೇಳಬಹುದು, ಆದರೆ ಎರಡು ಕಾರಣ ಕೊಡಬೇಕು, ಮರ್ಯಾದೆಯಿಂದ ಹೇಳಬೇಕು. ಮೊದಮೊದಲು ಅವನಿಗೂ ಮುಜುಗರ, ನಮಗೂ ಕಷ್ಟ. ಮೂರು ತಿಂಗಳಲ್ಲಿ ಕ್ಲಾಸಿನಲ್ಲಿ ಕೈ ಎತ್ತಲು ಶುರು ಮಾಡಿದ.

ಕೊನೆಗೆ ನನಗೆ ತುಂಬಾ ಇಷ್ಟವಾದದ್ದು, ಚರಿತ್ರೆ. ಕ್ಯಾಲಿಫೋರ್ನಿಯಾದಲ್ಲಿ ಆರನೇ ಕ್ಲಾಸಿನವರಿಗೆ ಪೂರ್ತಿ ವರ್ಷ ಹಳೆಯ ನಾಗರಿಕತೆಗಳು. ಮೆಸೊಪೊಟೇಮಿಯಾ, ಈಜಿಪ್ಟ್, ಗ್ರೀಸ್, ಭಾರತ, ಚೀನಾ, ರೋಮ್. ಭಾರತಕ್ಕೆ ಸಿಗುವುದು ಕೆಲವೇ ವಾರ. ಹರಪ್ಪ, ವೇದ, ಬುದ್ಧ, ಅಶೋಕ. ಜಾತಿಯ ಪಾಠವೂ ಬರುತ್ತದೆ. ಯಾರಾದರೂ ನಿಮ್ಮ ಮಗುವನ್ನು ಅದರ ಬಗ್ಗೆ ಕೇಳಬಹುದು. ಏನನ್ನೂ ಮುಚ್ಚಿಡದೆ, ಇದ್ದದ್ದನ್ನು ಇದ್ದ ಹಾಗೆ, ಮನೇಲೇ ಮೊದಲು ಮಾತಾಡಿಬಿಡಿ.

ಅಶೋಕನ ಬಗ್ಗೆ ಒಂದು ಮೂಲ ಆಧಾರ ತರಬೇಕು ಅಂತ ಕೆಲಸ ಕೊಟ್ಟಿದ್ದರು. ಮಗ ಇಂಟರ್ನೆಟ್ಟಿನಲ್ಲಿ ದೆಹಲಿಯ ಕಂಬ ಹುಡುಕುತ್ತಿದ್ದ. ನಮ್ಮ ಮಾವ ಇರುವುದು ಚಿತ್ರದುರ್ಗದಲ್ಲಿ. ಫೋನಿನಲ್ಲಿ ವಿಷಯ ಕೇಳಿ, "ದೆಹಲಿ ಯಾಕೋ ಮಗಾ, ನಮ್ಮ ಮೊಳಕಾಲ್ಮೂರು ತಾಲ್ಲೂಕಲ್ಲೇ ಇದೆಯಲ್ಲೋ" ಅಂದರು. ಆ ಭಾನುವಾರವೇ ಬಸ್ಸು ಹತ್ತಿ ಬ್ರಹ್ಮಗಿರಿಗೆ ಹೋಗಿ ಫೋಟೋ ತೆಗೆದು ಕಳಿಸಿದರು. 1892ರಲ್ಲಿ ಶಾಸನತಜ್ಞ ಬಿ. ಎಲ್. ರೈಸ್ ಪತ್ತೆ ಮಾಡಿದ, ಅಶೋಕನ ಶಾಸನವಿರುವ ಬಂಡೆಗಲ್ಲು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ದಕ್ಷಿಣದ ಆಡಳಿತ ಕೇಂದ್ರವಾಗಿದ್ದ ಸುವರ್ಣಗಿರಿಯಿಂದ ಇಸಿಲ ಅನ್ನುವ ಊರಿನ ಅಧಿಕಾರಿಗಳಿಗೆ ಕಳಿಸಿದ ಆಜ್ಞೆ ಅದು. ತಂದೆ ತಾಯಿಯ ಮಾತು ಕೇಳಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು, ಸತ್ಯ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಅಂತ ಅದರಲ್ಲಿದೆ.

ಮಗನಿಗೆ ಹಿಡಿಸಿದ್ದು ಅದಲ್ಲ. ಕೊನೆಯಲ್ಲಿ ಬರೆದವನು ತನ್ನ ಹೆಸರು ಹಾಕಿದ್ದಾನೆ, ಚಪಡ ಅಂತ. ಲಿಪಿಕಾರ ಅನ್ನುವ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ವಾಯವ್ಯ ದಿಕ್ಕಿನ, ಗಾಂಧಾರದ ಕಡೆಯ ಲಿಪಿ. ಮಗ ತುಂಬಾ ಹೊತ್ತು ಆ ಫೋಟೋ ದೊಡ್ಡದು ಮಾಡಿ ನೋಡಿದ. "ಅಮ್ಮಾ, ಇವನೂ ಬೇರೆ ಕಡೆಯಿಂದ ಕೆಲಸಕ್ಕೆ ಬಂದವನೇನೋ, ತನ್ನ ಲಿಪಿ ಮರೆತಿಲ್ಲ" ಅಂದ. ಕ್ಲಾಸಿನಲ್ಲೂ ಅದನ್ನೇ ಹೇಳಿದ. ಅದಕ್ಕೆ ಆಧಾರ ಏನು ಅಂತ ಒಬ್ಬಳು ಕೇಳಿದಳಂತೆ. ಖಚಿತವಾಗಿ ಹೇಳಲು ಆಗಲ್ಲ, ಲಿಪಿ ನೋಡಿ ಊಹೆ ಮಾಡಿದ್ದು ಅಂದನಂತೆ. ಟೀಚರು ಇಬ್ಬರನ್ನೂ ಮೆಚ್ಚಿಕೊಂಡರಂತೆ.

ಕೇಳಿದವರಿಗೆ ನನ್ನ ಉತ್ತರ ಇಷ್ಟೇ. ಹೆಚ್ಚಿನ ಟ್ಯೂಷನ್ ಹಾಕುವ ಮೊದಲು ಶುಕ್ರವಾರ ಸಂಜೆ ಒಂದು ಹದಿನೈದು ನಿಮಿಷ ಇಟ್ಟುಕೊಳ್ಳಿ. ಫೋನು ಪಕ್ಕಕ್ಕಿಟ್ಟು, "ಎಷ್ಟು ಮಾರ್ಕ್ಸು" ಅಂತ ಕೇಳದೆ, "ಈ ವಾರ ಏನು ಮಾಡಿದ್ರಿ, ಒಂದು ತೋರಿಸು" ಅನ್ನಿ. ಬೈಂಡರು ತೆಗೆಸಿ. ಕನ್ನಡದಲ್ಲೇ ಹೇಳಿಸಿ, ಪದ ಸಿಗದಿದ್ದರೆ ನೀವು ಕೊಡಿ. ವರ್ಷದ ಶುರುವಿನಲ್ಲಿ ಅಪ್ಪ ಅಮ್ಮಂದಿರು ಟೀಚರುಗಳನ್ನು ನೋಡುವ ಬ್ಯಾಕ್ ಟು ಸ್ಕೂಲ್ ನೈಟ್‌ಗೆ ಇಬ್ಬರೂ ಹೋಗಿ, ಭಾರತದ ಪಾಠ ಯಾವ ತಿಂಗಳು ಬರುತ್ತದೆ ಅಂತ ಚರಿತ್ರೆ ಟೀಚರನ್ನು ಅವತ್ತೇ ಕೇಳಿಟ್ಟುಕೊಳ್ಳಿ. ರಾಯಚೂರು ಕಡೆಯವರು ಇದ್ದರೆ ನಿಮ್ಮ ಮಸ್ಕಿಯ ಶಾಸನವನ್ನು ಬಿಡಬೇಡಿ. ಅಶೋಕನ ಹೆಚ್ಚಿನ ಶಾಸನಗಳಲ್ಲಿ "ದೇವಾನಾಂಪಿಯ" (ದೇವರಿಗೆ ಪ್ರಿಯನಾದವನು) ಅಂತಷ್ಟೇ ಇರುತ್ತದೆ. 1915ರಲ್ಲಿ ಸಿಕ್ಕಿದ ಮಸ್ಕಿಯದರಲ್ಲಿ ಅಶೋಕ ಅನ್ನುವ ಹೆಸರೇ ಇದೆ. ಬ್ರಹ್ಮಗಿರಿಯ ಫೋಟೋ ಬೇಕಾದವರು ತಿಳಿಸಿ, ಮಾವನವರು ತೆಗೆದದ್ದು ಹನ್ನೊಂದು ಇವೆ, ಕಳಿಸುತ್ತೇನೆ.