‘ರೆಮಿಷನ್’ಗೆ ‘ಉಪಶಮನ’ ಸಾಕೆ?

ಮಾನ್ಯರೆ,

ಇಯೊಸಿನೊಫಿಲಿಕ್ ಈಸೊಫಜೈಟಿಸ್ ಎಂಬ ಅನ್ನನಾಳದ ದೀರ್ಘಕಾಲದ ಕಾಯಿಲೆಯ ಬಗ್ಗೆ ರೋಗಿಗಳಿಗಾಗಿ ಕನ್ನಡದಲ್ಲಿ ಕಿರುಹೊತ್ತಗೆಯೊಂದನ್ನು ಬರೆಯುತ್ತಿದ್ದೇನೆ. ರೋಗ ಪೂರ್ತಿ ವಾಸಿಯಾಗದಿದ್ದರೂ ಅಡಗಿರುವ ಸ್ಥಿತಿಯನ್ನು ಹೇಳುವ ‘ರೆಮಿಷನ್’ ಎಂಬ ಪದಕ್ಕೆ ಬಂದಾಗ ಬರವಣಿಗೆ ನಿಂತಿದೆ. ‘ಉಪಶಮನ’ ಎಂದು ಬರೆಯುವ ರೂಢಿಯೇನೋ ಇದೆ. ಆದರೆ ‘ನೋವಿನ ಉಪಶಮನ’ ಎಂಬ ಮಾತನ್ನು ಮುಲಾಮಿನ ಜಾಹೀರಾತುಗಳಲ್ಲಿ ಓದಿದವರಿಗೆ ಅದು ಬಾಧೆ ತಗ್ಗಿತು ಎಂಬ ಅರ್ಥವನ್ನಷ್ಟೇ ಕೊಡುತ್ತದೆ, ಈ ಕಾಯಿಲೆಯಲ್ಲಿ ಆ ಅರ್ಥವೇ ಅಪಾಯಕಾರಿ.

ಏಕೆಂದರೆ ಇಲ್ಲಿ ಬಾಧೆಯೂ ಉರಿಯೂತವೂ ಒಟ್ಟಿಗೆ ಇಳಿಯುತ್ತವೆಂಬ ಭರವಸೆಯಿಲ್ಲ. ಗಟ್ಟಿ ಆಹಾರ ಎದೆಯಲ್ಲಿ ಸಿಕ್ಕಿಕೊಂಡು ಹೆದರಿದವರು ತಮಗರಿವಿಲ್ಲದೆಯೇ ತುತ್ತನ್ನು ಚಿಕ್ಕದಾಗಿಸಿ, ಬಹಳ ಹೊತ್ತು ಅಗಿದು, ತುತ್ತಿಗೊಮ್ಮೆ ನೀರು ಕುಡಿದು, ಮಾಂಸವನ್ನೂ ಒಣ ರೊಟ್ಟಿಯನ್ನೂ ಬಿಟ್ಟು, ‘ಈಗೇನೂ ತೊಂದರೆಯಿಲ್ಲ’ ಎನ್ನುತ್ತಾರೆ. ಕಿರಿದಾದ ಅನ್ನನಾಳವನ್ನು ಬಲೂನಿನಿಂದ ಹಿಗ್ಗಿಸಿದರೂ ನುಂಗುವುದು ಸಲೀಸಾಗುತ್ತದೆ, ಉರಿಯೂತ ಮಾತ್ರ ಹಾಗೆಯೇ ಉಳಿದಿರುತ್ತದೆ. ಔಷಧದಿಂದ ಉರಿಯೂತ ಇಳಿದ ಮೇಲೂ, ಹಿಂದೆಯೇ ಬಿಗಿದುಕೊಂಡ ನಾಳದಲ್ಲಿ ತುತ್ತು ಸಿಕ್ಕಿಕೊಳ್ಳುವುದುಂಟು. ರೋಗಿ ಹೇಳುವ ತೊಂದರೆಗಳನ್ನಷ್ಟೇ ನಂಬಿ ರೆಮಿಷನ್ ನಿರ್ಣಯಿಸಲಾಗದು ಎಂಬುದನ್ನು 2016ರಲ್ಲಿ ‘ಗ್ಯಾಸ್ಟ್ರೊಎಂಟರಾಲಜಿ’ ಪತ್ರಿಕೆಯಲ್ಲಿ ಬಂದ, ವಯಸ್ಕರ ಮೇಲಿನ ಅಧ್ಯಯನವೂ ತೋರಿಸಿದೆ. ಅದಕ್ಕಾಗಿಯೇ ಎಂಡೊಸ್ಕೊಪಿಯನ್ನೂ ಬಯಾಪ್ಸಿಯನ್ನೂ (ಅನ್ನನಾಳದ ಒಳಪದರದ ಚೂರು ತೆಗೆದು ಪರೀಕ್ಷಿಸುವುದು) ಮತ್ತೆ ಮಾಡಿ, ಸೂಕ್ಷ್ಮದರ್ಶಕದ ಒಂದು ನೋಟದಲ್ಲಿ ಈ ಉರಿಯೂತವನ್ನು ಸೂಚಿಸುವ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು 15ಕ್ಕಿಂತ ಕಡಿಮೆಯಾಗಿವೆಯೇ ಎಂದು ಎಣಿಸುತ್ತಾರೆ.

‘ಲಕ್ಷಣ’ವೂ ತೊಡಕಿನ ಪದವೇ. ರೋಗಿ ಹೇಳಿಕೊಳ್ಳುವ ತೊಂದರೆಯನ್ನೂ ಎಂಡೊಸ್ಕೊಪಿಯಲ್ಲಿ ವೈದ್ಯರ ಕಣ್ಣಿಗೆ ಬೀಳುವ, ಅನ್ನನಾಳದೊಳಗಿನ ಉಂಗುರದಂತಹ ಗೆರೆಗಳನ್ನೂ ನಾವು ಲಕ್ಷಣವೆಂದೇ ಕರೆಯುವುದರಿಂದ, ‘ಲಕ್ಷಣಗಳಿಲ್ಲ’ ಎಂಬ ವಾಕ್ಯ ಯಾರ ಮಾತೆಂದು ತಿಳಿಯುವುದಿಲ್ಲ. ಮೊದಲನೆಯದಕ್ಕೆ ‘ಬಾಧೆ’, ಎರಡನೆಯದಕ್ಕೆ ‘ಚಿಹ್ನೆ’ ಎಂದು ಬಳಸಿದ್ದೇನೆ.

‘ವಾಸಿ’ ಸಲ್ಲದು, ಚಿಕಿತ್ಸೆ ನಿಲ್ಲಿಸಿದರೆ ಈ ಕಾಯಿಲೆ ಸಾಮಾನ್ಯವಾಗಿ ಮರಳುತ್ತದೆ. ನನ್ನ ಒಲವು ‘ಹತೋಟಿ’ಯ ಕಡೆಗಿದೆ. ಸಕ್ಕರೆ ಕಾಯಿಲೆಯವರು ‘ಹತೋಟಿಯಲ್ಲಿದೆ’ ಎನ್ನುವುದು ರಕ್ತಪರೀಕ್ಷೆಯ ಚೀಟಿ ನೋಡಿದ ಮೇಲೆಯೇ, ಮೈ ಹಗುರವಾಗಿದೆ ಎಂಬ ಕಾರಣಕ್ಕಲ್ಲ; ಪರೀಕ್ಷಿಸಿ ತಿಳಿಯಬೇಕೆಂಬ ಅರಿವು ಜನರ ಬಳಕೆಯಲ್ಲಿ ಆ ಪದಕ್ಕೆ ಆಗಲೇ ಅಂಟಿಕೊಂಡಿದೆ. ಆದರೆ ಔಷಧವಿಲ್ಲದೆಯೂ ರೋಗ ತಣ್ಣಗಿರುವ ಬೇರೆ ಕಾಯಿಲೆಗಳಿಗೆ ‘ಹತೋಟಿ’ ಹೊಂದದೇನೋ ಎಂಬ ಅಳುಕೂ ಇದೆ.

‘ಬಾಧೆ ತಗ್ಗಿದೆ, ಉರಿಯೂತ ಹತೋಟಿಗೆ ಬಂದಿಲ್ಲ’ ಎಂಬ ವಾಕ್ಯ ನಿಮ್ಮ ಊರಿನ ಕಿವಿಗೆ ಸ್ಪಷ್ಟವಾಗಿ ಕೇಳುತ್ತದೆಯೇ? ಇದಕ್ಕಿಂತ ಒಪ್ಪುವ ಪದ ನಿಮ್ಮ ಕಡೆಯ ಆಡುಮಾತಿನಲ್ಲಿದ್ದರೆ ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.