‘ಡೋಂಟ್ ಬಿ ಪ್ಯಾನಿಕ್’ ಸರಿಯೇ? ಕನ್ನಡದಲ್ಲಿ ಏನು ಬರೆಯೋಣ?

ಪೆರ್ಲದ ಟೀಚರ್:
ಶಾಲೆಯಲ್ಲಿ ಬೆಂಕಿ ಅನಾಹುತದ ಅಣಕು ಕಾರ್ಯಾಚರಣೆ ಇದೆ. ಗೋಡೆಗೆ ಹಚ್ಚಲು ಇಂಗ್ಲಿಷ್, ಮಲಯಾಳ, ಕನ್ನಡ ಮೂರರಲ್ಲೂ ಸೂಚನೆ ಬೇಕು. ಕೈಗೆ ಬಂದ ಇಂಗ್ಲಿಷ್ ಕರಡಿನಲ್ಲಿ ‘ಡೋಂಟ್ ಬಿ ಪ್ಯಾನಿಕ್’ ಎಂದಿದೆ. ಮಲಯಾಳದಲ್ಲಿ ‘ಪರಿಭ್ರಾಂತಿ’ ಬಳಸಿದ್ದಾರೆ, ಅದನ್ನೇ ಎತ್ತಿ ಕನ್ನಡದಲ್ಲಿ ‘ಪರಿಭ್ರಾಂತರಾಗಬೇಡಿ’ ಎಂದು ಹಾಕಿದ್ದಾರೆ. ಎರಡೂ ಸರಿ ಕಾಣುವುದಿಲ್ಲ. ಹತ್ತನೇ ತರಗತಿಯ ಮಕ್ಕಳಿಗೆ ಇನ್ನೊಂದು ಸಂಶಯ: ಪ್ಯಾನಿಕ್‌ನ ಭೂತಕಾಲ ಬರೆಯುವಾಗ ನಡುವೆ ‘ಕೆ’ ಎಲ್ಲಿಂದ ಬರುತ್ತದೆ? ಫಿಯರ್, ಫ್ರೈಟ್, ಪ್ಯಾನಿಕ್ ಇವುಗಳ ವ್ಯತ್ಯಾಸವನ್ನೂ ಯಾರಾದರೂ ಬಿಡಿಸಿ ಹೇಳಿದರೆ ಉಪಕಾರ.

ವ್ಯಾಕರಣದ ಮೇಷ್ಟ್ರು, ಬದಿಯಡ್ಕ:
ಟೀಚರೇ, ‘ಡೋಂಟ್ ಪ್ಯಾನಿಕ್’ ಎಂದಷ್ಟೇ ಬರೆಯಿರಿ. ‘ಡೋಂಟ್ ರನ್’ ಎನ್ನುವಾಗ ‘ರನ್’ ಹೇಗೋ ಇಲ್ಲಿ ‘ಪ್ಯಾನಿಕ್’ ಹಾಗೆ, ಅದೇ ಕ್ರಿಯಾಪದ. ‘ಬಿ’ ಹಾಕಬೇಕಿದ್ದರೆ ಅದರ ಮುಂದೆ ‘ಅಫ್ರೇಡ್’ ತರಹದ ಗುಣವಾಚಕ ಬರಬೇಕು.

ತಪ್ಪು ಹುಟ್ಟುವುದು ನಮ್ಮ ‘ಆಗು’ವಿನಿಂದ. ಕನ್ನಡದಲ್ಲಿ ‘ಗಾಬರಿ ಆಗಬೇಡಿ’, ‘ಪ್ಯಾನಿಕ್ ಆಗಬೇಡಿ’ ಎಂದು ನಾಮಪದಕ್ಕೆ ‘ಆಗು’ ಸೇರಿಸುತ್ತೇವೆ. ಮಲಯಾಳದಲ್ಲೂ ಅದೇ ಅಭ್ಯಾಸ. ಆ ‘ಆಗು’ ಇಂಗ್ಲಿಷಿಗೆ ಹೋಗುವಾಗ ‘ಬಿ’ ಅಥವಾ ‘ಗೆಟ್’ ಆಗಿಬಿಡುತ್ತದೆ. ‘ಐ ಆಮ್ ಪ್ಯಾನಿಕ್’, ‘ಶೀ ಬಿಕೇಮ್ ಪ್ಯಾನಿಕ್’, ‘ಡೋಂಟ್ ಗೆಟ್ ಪ್ಯಾನಿಕ್’ ಎಲ್ಲವೂ ಇದೇ ದಾರಿಯಲ್ಲಿ ಬಂದವು. ಸರಿಯಾದವು: ‘ಐ ಆಮ್ ಪ್ಯಾನಿಕಿಂಗ್’, ‘ಶೀ ಪ್ಯಾನಿಕ್ಡ್’. ‘ಗೆಟ್’ ಬೇಕೇ ಬೇಕೆಂದಿದ್ದರೆ ‘ಡೋಂಟ್ ಗೆಟ್ ಪ್ಯಾನಿಕಿ’.

ಇನ್ನು ‘ಕೆ’ ವಿಷಯ. ಇಂಗ್ಲಿಷಿನಲ್ಲಿ ‘ಸಿ’ ಅಕ್ಷರದ ಮುಂದೆ ‘ಇ’, ‘ಐ’, ‘ವೈ’ ಬಂದರೆ ಸಾಮಾನ್ಯವಾಗಿ ‘ಸ’ ಉಚ್ಚಾರ: ಸೆಂಟರ್, ಸಿಟಿ, ಸೈಕಲ್. ಪ್ಯಾನಿಕ್‌ಗೆ ನೇರವಾಗಿ ‘ಇಡಿ’ ಅಂಟಿಸಿದರೆ ಓದುವವರು ‘ಪ್ಯಾನಿಸ್ಡ್’ ಎಂದಾರು. ‘ಕ’ ಉಚ್ಚಾರ ಉಳಿಸಲು ನಡುವೆ ಒಂದು ‘ಕೆ’ ಸೇರಿಸುತ್ತಾರೆ. ಹಾಗಾಗಿ ‘ಇಡಿ’, ‘ಐಎನ್‌ಜಿ’, ‘ವೈ’ ಮೂರರ ಮೊದಲೂ ‘ಕೆ’ ಬೇಕು. ‘ಎಸ್’ ಸೇರುವಾಗ ಬೇಡ, ಏಕೆಂದರೆ ಅಲ್ಲಿ ಉಚ್ಚಾರ ಕೆಡುವುದಿಲ್ಲ. ಪಿಕ್‌ನಿಕ್, ಮಿಮಿಕ್, ಟ್ರಾಫಿಕ್ ಕ್ರಿಯಾಪದಗಳಾದಾಗಲೂ ಇದೇ ನಿಯಮ. ಮಕ್ಕಳನ್ನು ಪರೀಕ್ಷಿಸಲು ‘ಮಿಮಿಕ್ರಿ’ ಬರೆಸಿ ನೋಡಿ. ಅಲ್ಲಿ ‘ಸಿ’ ಮುಂದೆ ‘ಆರ್’ ಇದೆ, ಆದ್ದರಿಂದ ‘ಕೆ’ ಇಲ್ಲ. ನಿಯಮವನ್ನು ಬಾಯಿಪಾಠ ಮಾಡಿದವರು ಇಲ್ಲಿಯೇ ಎಡವುತ್ತಾರೆ, ಕಾರಣ ತಿಳಿದವರು ಎಡವುವುದಿಲ್ಲ.

‘ಪ್ಯಾನಿಕ್’ ಕ್ರಿಯಾಪದಕ್ಕೆ ಕರ್ಮಪದವೂ ಬರುತ್ತದೆ. ‘ದಿ ಥಂಡರ್ ಪ್ಯಾನಿಕ್ಡ್ ದಿ ಕ್ಯಾಟಲ್’ ಎಂದರೆ ಗುಡುಗಿಗೆ ದನಗಳು ಕಂಗಾಲಾದವು. ‘ಪ್ಯಾನಿಕ್ಡ್ ಇಂಟು ಸೆಲ್ಲಿಂಗ್’ ಎಂದರೆ ಗಾಬರಿಬಿದ್ದು ಮಾರಿಬಿಟ್ಟರು. ಸುದ್ದಿ ಬರೆಯುವವರಿಗೆ ಈ ‘ಇಂಟು’ ತುಂಬ ಉಪಯೋಗಿ. ನಾಮಪದವಾದಾಗ ‘ಇನ್ ಪ್ಯಾನಿಕ್’, ‘ಇನ್ ಎ ಪ್ಯಾನಿಕ್’ ಎರಡೂ ನಡೆಯುತ್ತವೆ.

ಗಡಿನಾಡ ಅನುವಾದಕ:
ಮೇಷ್ಟ್ರು ಇಂಗ್ಲಿಷಿನದ್ದು ಹೇಳಿದರು, ನಾನು ಕನ್ನಡದ ಕಡೆಯಿಂದ ಹೇಳುತ್ತೇನೆ. ‘ಪರಿಭ್ರಾಂತರಾಗಬೇಡಿ’ ಖಂಡಿತ ಬೇಡ. ಮಲಯಾಳದ ಪತ್ರಿಕೆ, ಸರಕಾರಿ ಪ್ರಕಟಣೆಗಳಲ್ಲಿ ಅದು ದಿನನಿತ್ಯದ ಪದ, ಅಲ್ಲಿ ಚೆನ್ನಾಗಿಯೇ ಇದೆ. ಕನ್ನಡ ಓದುಗರಿಗೆ ‘ಭ್ರಾಂತಿ’ ಎಂದರೆ ಭ್ರಮೆ, ಇಲ್ಲದ್ದನ್ನು ಇದೆ ಎಂದುಕೊಳ್ಳುವುದು. ಬೆಂಕಿ ಬಿದ್ದಲ್ಲಿ ನಿಂತವರಿಗೆ ‘ಭ್ರಮೆಗೊಳಗಾಗಬೇಡಿ’ ಎಂದ ಹಾಗಾಗುತ್ತದೆ. ಲಿಪಿ ಬದಲಿಸಿದರೆ ಅನುವಾದ ಆಯಿತೆಂಬ ಅವಸರ ಕಾಸರಗೋಡಿನ ಕನ್ನಡ ಫಲಕಗಳಿಗೆ ಮಾಡಿದ ಹಾನಿ ಸಣ್ಣದಲ್ಲ.

‘ಗಾಬರಿ’ ಹಾಕಿ. ಮರಾಠಿ, ಹಿಂದಿಯ ‘ಘಬರಾ’ ಎಂಬುದರ ನೆಂಟ ಪದವಾದರೂ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಮಕ್ಕಳಿಗೂ ಅಜ್ಜಿಯರಿಗೂ ತಿಳಿಯುತ್ತದೆ.

ವ್ಯತ್ಯಾಸ ಕೇಳಿದ್ದೀರಿ. ಫಿಯರ್ ಎಂದರೆ ಹೆದರಿಕೆ, ಎಲ್ಲಕ್ಕೂ ಸಲ್ಲುವ ದೊಡ್ಡ ಪದ. ಫ್ರೈಟ್ ಎಂದರೆ ಒಂದು ಕ್ಷಣದ ದಿಗಿಲು, ಬೆಚ್ಚಿಬೀಳುವುದು: ಕತ್ತಲಲ್ಲಿ ಕಾಲ ಬುಡದಲ್ಲಿ ಏನೋ ಸರಿದರೆ ಆಗುವುದು. ಅಲಾರ್ಮ್‌ನಲ್ಲಿ ಅಪಾಯ ಬರುತ್ತಿದೆ ಎಂಬ ಎಚ್ಚರ ಸೇರಿದೆ. ಡ್ರೆಡ್ ಮುಂದೆ ಬರಲಿರುವುದರ ಅಳುಕು. ಟೆರರ್ ಭೀತಿ, ಹೆದರಿಕೆಯ ತುತ್ತತುದಿ. ಪ್ಯಾನಿಕ್ ಮಾತ್ರ ಹೆದರಿಕೆ ಎಷ್ಟಿದೆ ಎಂಬುದನ್ನು ಹೇಳುವ ಪದವಲ್ಲ. ಹೆದರಿಕೆಯಿಂದ ವಿವೇಚನೆ ತಪ್ಪಿ, ಕೈಕಾಲು ತನ್ನಷ್ಟಕ್ಕೆ ಏನೋ ಮಾಡತೊಡಗುವುದು ಪ್ಯಾನಿಕ್. ಜನಸಂದಣಿಯಲ್ಲಿ ಒಬ್ಬರಿಂದ ಒಬ್ಬರಿಗೆ ಹಬ್ಬುವುದೂ ಅದರ ಗುಣ.

2020ರ ಮಾರ್ಚಿನಲ್ಲಿ ಕೊರೊನಾ ಬಂದು ಕೇರಳ, ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿತ್ತಲ್ಲ, ಮಂಗಳೂರಿನ ಆಸ್ಪತ್ರೆಗೆ ಹೋಗುವುದು ಹೇಗೆ ಎಂದು ಇಲ್ಲಿಯವರಿಗೆ ಇದ್ದದ್ದು ಆತಂಕ. ಅದಕ್ಕೆ ಕಾರಣವಿತ್ತು, ವಿವೇಚನೆಯೂ ಇತ್ತು. ಅದನ್ನು ಪ್ಯಾನಿಕ್ ಎಂದು ಬರೆದರೆ ಜನರಿಗೆ ಅನ್ಯಾಯ. ಅದೇ ತಿಂಗಳು ಅಂಗಡಿಗೆ ನುಗ್ಗಿ ಬೇಕಾದದ್ದಕ್ಕಿಂತ ಹೆಚ್ಚು ಸಾಮಾನು ಹೊತ್ತೊಯ್ದದ್ದು ಎಲ್ಲೆಲ್ಲಿ ನಡೆಯಿತೋ ಅಲ್ಲಿ ‘ಪ್ಯಾನಿಕ್ ಬೈಯಿಂಗ್’ ಸರಿಯಾದ ಮಾತು. ಕನ್ನಡದಲ್ಲಿ ‘ಗಾಬರಿಯ ಖರೀದಿ’ ಎನ್ನಬಹುದು.

‘ಪ್ಯಾನಿಕ್ ಬಟನ್’ಗೆ ‘ಗಾಬರಿ ಗುಂಡಿ’ ಎನ್ನಬೇಡಿ, ‘ತುರ್ತು ಗುಂಡಿ’ ಸಾಕು. ಸಭಾಂಗಣದ ಬಾಗಿಲಿಗೆ ಅಡ್ಡಕ್ಕೆ ಕೂರಿಸುವ ಕಂಬಿಗೆ ‘ಪ್ಯಾನಿಕ್ ಬಾರ್’ ಎನ್ನುತ್ತಾರೆ. ಸೊಂಟದ ಎತ್ತರದಲ್ಲಿರುತ್ತದೆ, ಮೈಯಿಂದ ದೂಡಿದರೂ ಚಿಲಕ ಬಿಟ್ಟು ಬಾಗಿಲು ಹೊರಕ್ಕೆ ತೆರೆಯುತ್ತದೆ. ಹಿಡಿಕೆ ತಿರುಗಿಸುವಷ್ಟು ಸಮಾಧಾನ ಆ ಹೊತ್ತಿನಲ್ಲಿ ಯಾರಿಗೂ ಇರುವುದಿಲ್ಲ ಎಂದೇ ಅದನ್ನು ಹಾಗೆ ಮಾಡಿರುವುದು. ಅಲ್ಲಿ ಹೆಸರನ್ನು ಅನುವಾದಿಸುತ್ತ ಕೂರದೆ ‘ದೂಡಿ ತೆರೆಯಿರಿ’ ಎಂದು ದೊಡ್ಡ ಅಕ್ಷರದಲ್ಲಿ ಬರೆಯಬೇಕು.

ಕುಂಬಳೆಯ ಓದುಗ:
ಪದದ ಮೂಲ ಇಲ್ಲಿ ಸೇರಲಿ. ಗ್ರೀಕರ ಕಾಡು ಮತ್ತು ಮಂದೆಗಳ ದೇವರು ಪಾನ್, ಆಡಿನ ಕಾಲು, ಕೊಂಬು ಉಳ್ಳವನು. ನಿರ್ಜನ ಜಾಗದಲ್ಲಿ ಕಾರಣ ಕಾಣದೆ ಮಂದೆಯೋ ಮನುಷ್ಯರೋ ದಿಕ್ಕೆಟ್ಟು ಓಡಿದರೆ ಅದು ಅವನದ್ದೇ ಕೆಲಸ ಎನ್ನುತ್ತಿದ್ದರು. ಅದರಿಂದ ‘ಪಾನಿಕೋಸ್’, ಅದು ಫ್ರೆಂಚಿಗೆ ಬಂದು, 17ನೇ ಶತಮಾನದ ಹೊತ್ತಿಗೆ ಇಂಗ್ಲಿಷಿನಲ್ಲಿ ನೆಲೆಯಾಯಿತು. ಮೊದಲಿಗೆ ‘ಪ್ಯಾನಿಕ್ ಫಿಯರ್’ ಎಂದು ಗುಣವಾಚಕವಾಗಿ ಬಳಸುತ್ತಿದ್ದರು. ‘ಕಾರಣ ಕಾಣದ’ ಎಂಬ ಆ ಛಾಯೆ ಈಗಲೂ ಪೂರ್ತಿ ಹೋಗಿಲ್ಲ. ಬೆಂಕಿ ಕಣ್ಣೆದುರಿಗಿದ್ದರೂ ಪ್ಯಾನಿಕ್ ಎನ್ನುತ್ತಾರಾದರೂ, ಬ್ಯಾಂಕಿನ ವದಂತಿಗೆ ಓಡುವವರಿಗೆ ಈ ಪದ ಹೊಂದುವ ಹಾಗೆ ಬೇರೆಯದು ಹೊಂದದು. ಅಮೆರಿಕದಲ್ಲಿ 1907ರ ಬ್ಯಾಂಕ್ ಬಿಕ್ಕಟ್ಟಿಗೆ ಹೆಸರೇ ‘ಪ್ಯಾನಿಕ್ ಆಫ್ 1907’. ಅಲ್ಲಿನ ಕೇಂದ್ರ ಬ್ಯಾಂಕ್ 1913ರಲ್ಲಿ ಹುಟ್ಟಿದ್ದರ ಹಿಂದೆ ಅದರ ಪಾಠವಿದೆ.

ಒಂದು ಎಚ್ಚರ: ಸಾಮೆ, ಬರಗು ಧಾನ್ಯಗಳ ಶಾಸ್ತ್ರೀಯ ಹೆಸರಿನಲ್ಲಿರುವ ‘ಪ್ಯಾನಿಕಮ್’ಗೂ ಇದಕ್ಕೂ ಸಂಬಂಧವಿಲ್ಲ. ಅದು ಕಿರುಧಾನ್ಯಕ್ಕಿದ್ದ ಲ್ಯಾಟಿನ್ ಹೆಸರು. ಆ ಜಾತಿಯ ಹುಲ್ಲಿಗೆ ಇಂಗ್ಲಿಷಿನಲ್ಲಿ ‘ಪ್ಯಾನಿಕ್ ಗ್ರಾಸ್’ ಎನ್ನುತ್ತಾರೆ, ಕೃಷಿ ಪುಸ್ತಕ ಅನುವಾದಿಸುವವರು ‘ಗಾಬರಿ ಹುಲ್ಲು’ ಮಾಡದಿರಲಿ.

ನರ್ಸ್, ಉಪ್ಪಳ:
‘ಪ್ಯಾನಿಕ್ ಅಟ್ಯಾಕ್’ ಎಂಬುದನ್ನು ಸಿಟ್ಟು, ಅವಸರ, ಟೆನ್ಷನ್ ಎಲ್ಲಕ್ಕೂ ಬಳಸುವುದು ಈಗ ಹೆಚ್ಚಾಗಿದೆ. ವೈದ್ಯಕೀಯದಲ್ಲಿ ಅದಕ್ಕೆ ಗೊತ್ತಾದ ಅರ್ಥವಿದೆ: ತೀವ್ರ ಹೆದರಿಕೆ ತಟ್ಟನೆ ಎದ್ದು ಕೆಲವೇ ನಿಮಿಷಗಳಲ್ಲಿ ತುದಿ ಮುಟ್ಟುತ್ತದೆ. ಜೊತೆಗೆ ಎದೆಬಡಿತ, ಬೆವರು, ನಡುಕ, ಉಸಿರು ಕಟ್ಟುವುದು, ಎದೆನೋವು, ತಲೆಸುತ್ತು, ಸಾಯುತ್ತೇನೆಂಬ ಭಯ ಮುಂತಾದ ಹದಿಮೂರು ಲಕ್ಷಣಗಳ ಪಟ್ಟಿಯಲ್ಲಿ ನಾಲ್ಕಾದರೂ ಇರಬೇಕು. ಪರೀಕ್ಷೆಗೆ ಮೊದಲು ಹೊಟ್ಟೆ ತೊಳಸಿದ್ದು ಇದಲ್ಲ. ಒಮ್ಮೆ ಬಂದ ಮಾತ್ರಕ್ಕೆ ‘ಪ್ಯಾನಿಕ್ ಡಿಸಾರ್ಡರ್’ ಎನ್ನುವುದೂ ಇಲ್ಲ. ಪದೇ ಪದೇ ಬಂದು, ಮತ್ತೆ ಬಂದೀತೆಂಬ ಚಿಂತೆಯಲ್ಲಿ ಜೀವನಕ್ರಮವೇ ಬದಲಾದಾಗ ವೈದ್ಯರು ಹಾಗೆ ನಿರ್ಣಯಿಸುತ್ತಾರೆ.

ಇದನ್ನು ‘ಗಾಬರಿಯಾಗಿದೆ ಅಷ್ಟೇ’ ಎಂದು ಅನುವಾದಿಸಿ ಕೈಬಿಡಬಾರದು. ಮೊದಲ ಸಲ ಎದೆನೋವು, ಉಸಿರುಗಟ್ಟುವಿಕೆ ಬಂದವರನ್ನು ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಹೃದಯಾಘಾತ ಅಲ್ಲವೆಂದು ಇಸಿಜಿ ನೋಡದೆ ಹೊರಗಿನಿಂದ ಹೇಳಲಾಗದು. ಕನ್ನಡದಲ್ಲಿ ಬರೆಯುವಾಗ ‘ಪ್ಯಾನಿಕ್ ಅಟ್ಯಾಕ್’ ಎಂದೇ ಇಟ್ಟು, ಒಂದು ಸಾಲು ವಿವರಣೆ ಕೊಡುವುದು ಕ್ಷೇಮ.

ಪೆರ್ಲದ ಟೀಚರ್:
ಎಲ್ಲರಿಗೂ ವಂದನೆ. ಕನ್ನಡ ಸೂಚನೆ ಹೀಗೆ ಮಾಡಿದ್ದೇನೆ: ‘ಗಾಬರಿಯಾಗಬೇಡಿ. ಗಂಟೆ ಕೇಳಿದೊಡನೆ ಚೀಲ ಬಿಟ್ಟು ಸಾಲಾಗಿ ಹೊರಗೆ ಬನ್ನಿ. ಓಡಬೇಡಿ, ಹಿಂದೆ ತಿರುಗಿ ಹೋಗಬೇಡಿ. ಮೈದಾನದಲ್ಲಿ ತರಗತಿವಾರು ನಿಲ್ಲಿ.’

ಗಡಿನಾಡ ಅನುವಾದಕ:
ಚೆನ್ನಾಗಿದೆ. ಒಂದೇ ಬದಲಾವಣೆ: ‘ಗಂಟೆ ಕೇಳಿದೊಡನೆ’ ಸಾಲು ಮೊದಲಿಗೆ ಬರಲಿ, ‘ಗಾಬರಿಯಾಗಬೇಡಿ’ ಅದರ ಕೆಳಗೆ. ಮೊದಲು ಏನು ಮಾಡಬೇಕೆಂದು ಕಾಣಬೇಕು. ‘ಹಿಂದೆ ತಿರುಗಿ’ ಎಂಬಲ್ಲಿ ‘ಮರಳಿ ಒಳಗೆ’ ಎಂದು ಹಾಕಿ. ಇಲ್ಲದಿದ್ದರೆ ಸಣ್ಣ ಮಕ್ಕಳು ಹಿಂದಕ್ಕೆ ನೋಡಲೇಬಾರದು ಎಂದುಕೊಳ್ಳುತ್ತಾರೆ.